ಹೊಸ ರಾಕ್ ಆಲ್ಬಮ್: ಎಲ್‌ಪಿ ತಗೊಳ್ಳಲಾ, ಸಿಡಿ ತಗೊಳ್ಳಲಾ, ಡೌನ್‌ಲೋಡ್ ಸಾಕಾ?

ಓದುಗರ ಪ್ರಶ್ನೆ: ನಾನು ಗಂಗಾವತಿಯವನು, ವಯಸ್ಸು 31. ಅಕ್ಕಿ ಗಿರಣಿಯಲ್ಲಿ ಲೆಕ್ಕ ಮತ್ತು ಲೋಡಿಂಗ್ ನೋಡಿಕೊಳ್ಳುತ್ತೇನೆ. ಕಾಲೇಜು ದಿನಗಳಿಂದ ರಾಕ್ ಸಂಗೀತದ ಹುಚ್ಚು. ನನಗೆ ತುಂಬಾ ಇಷ್ಟವಾದ ಒಂದು ವಿದೇಶಿ ಬ್ಯಾಂಡಿನ ಹೊಸ ಆಲ್ಬಮ್ ಇನ್ನೆರಡು ತಿಂಗಳಲ್ಲಿ ಬರುತ್ತಿದೆ. ಒಟ್ಟು 58 ನಿಮಿಷ. ಒಂದೇ ತಟ್ಟೆಯ 180 ಗ್ರಾಂ ತೂಕದ ವಿನೈಲ್ ಎಲ್‌ಪಿಗೆ ಸಾಗಣೆ, ಸುಂಕ ಎಲ್ಲ ಸೇರಿ ಸುಮಾರು 4,500 ರೂಪಾಯಿ ಆಗುತ್ತದೆ. ಸಿಡಿಗೆ 1,100. 24 ಬಿಟ್, 96 ಕಿಲೋಹರ್ಟ್ಸ್ ಡೌನ್‌ಲೋಡ್‌ಗೆ 1,700, ಧ್ವನಿಯಲ್ಲಿ ಏನೂ ಕಳೆಯದ ಫೈಲ್ ಆದ ಸಾಮಾನ್ಯ 16 ಬಿಟ್ ಫ್ಲ್ಯಾಕ್‌ಗೆ 1,000. ಸ್ಟ್ರೀಮಿಂಗ್‌ನಲ್ಲಿ ಸುತ್ತಲಿಂದಲೂ ಧ್ವನಿ ಬರುವಂತೆ ಮಾಡುವ ಡಾಲ್ಬಿ ಅಟ್ಮಾಸ್ ಕೂಡ ಬರುತ್ತದಂತೆ. ಬೆಂಗಳೂರಿನ ಗೆಳೆಯ "ಎಲ್‌ಪಿಯೇ ನಿಜವಾದ ಸೌಂಡ್, ಸಿಡಿಯಲ್ಲಿ ಧ್ವನಿ ಮೆಟ್ಟಿಲು ಮೆಟ್ಟಿಲಾಗಿರುತ್ತದೆ" ಎನ್ನುತ್ತಾನೆ. ಈ ಬ್ಯಾಂಡಿನ ಹಿಂದಿನ ಆಲ್ಬಮ್ ಅನ್ನು ಸಿಡಿಯಲ್ಲೇ ಕೊಂಡಿದ್ದೆ. ಹಾಡುಗಳು ಚೆನ್ನಾಗಿವೆ, ಆದರೆ ನಾಲ್ಕನೇ ಹಾಡು ಬರುವಷ್ಟರಲ್ಲಿ ಕಿವಿ ಸುಸ್ತಾಗುತ್ತದೆ. ಇದು ಸಿಡಿಯ ದೋಷವೇ? ನನ್ನ ಬಳಿ ಸೆಕೆಂಡ್ ಹ್ಯಾಂಡ್ ಆಂಪ್ಲಿಫೈಯರ್, ಎರಡು ಪುಟ್ಟ ಸ್ಪೀಕರ್, ವೈರ್ ಇರುವ ಹೆಡ್‌ಫೋನ್, ಒಂದು ಹಳೇ ಡಿವಿಡಿ ಪ್ಲೇಯರ್ ಇವೆ. ಎಲ್‌ಪಿ ತಗೊಂಡರೆ ಸೂಟ್‌ಕೇಸ್ ಥರದ ಟರ್ನ್‌ಟೇಬಲ್ ಕೊಳ್ಳಬೇಕು ಅಂದುಕೊಂಡಿದ್ದೇನೆ. ಒಂದೇ ಸಲ ದುಡ್ಡು ಹಾಕುವುದು. ಯಾವುದರಲ್ಲಿ ಸೌಂಡ್ ಚೆನ್ನಾಗಿರುತ್ತದೆ?

ಉತ್ತರ: ನಿಮ್ಮ ಪತ್ರದಲ್ಲಿ ನಿಜವಾಗಿ ಎರಡು ಪ್ರಶ್ನೆಗಳಿವೆ. ಯಾವ ಫಾರ್ಮ್ಯಾಟ್ ಕೊಳ್ಳಲಿ ಎನ್ನುವುದು ಒಂದು. ಹಿಂದಿನ ಆಲ್ಬಮ್ ಕೇಳುವಾಗ ಕಿವಿ ಯಾಕೆ ಸುಸ್ತಾಯಿತು ಎನ್ನುವುದು ಇನ್ನೊಂದು. ಎರಡನೆಯದನ್ನು ನೀವು ಸುಮ್ನೆ ಮಧ್ಯದಲ್ಲಿ ಹೇಳಿ ಮುಂದೆ ಹೋಗಿದ್ದೀರಿ. ನನ್ನ ಪ್ರಕಾರ ಅದೇ ದೊಡ್ಡ ಪ್ರಶ್ನೆ. ಅದು ಗೊತ್ತಾದರೆ ಮೊದಲನೆಯದಕ್ಕೆ ಉತ್ತರ ತಾನಾಗಿ ಬರುತ್ತದೆ.

ಕಾಯಿಸುವುದಿಲ್ಲ, ತೀರ್ಮಾನ ಮೊದಲೇ ಹೇಳುತ್ತೇನೆ. ಈ ಆಲ್ಬಮ್‌ಗೆ, ನಿಮ್ಮ ಹತ್ತಿರ ಇರುವ ಸಾಮಾನಿಗೆ, ಸಿಡಿ ಅಥವಾ 16 ಬಿಟ್ ಫ್ಲ್ಯಾಕ್ ಸಾಕು. ಆದರೆ ಮುಂಗಡ ಬುಕಿಂಗ್ ಮಾಡಬೇಡಿ. ಆಲ್ಬಮ್ ಬಿಡುಗಡೆಯಾದ ಮೇಲೆ ಒಂದು ವಾರ ತಡೆಯಿರಿ. ಯಾಕೆ ಅನ್ನುವುದನ್ನು ಈಗ ಬಿಡಿಸಿ ಹೇಳುತ್ತೇನೆ.

ನಾನು ಮಾಸ್ಟರಿಂಗ್ ಕೆಲಸ ಮಾಡುವವನು. ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಬೆಂಗಳೂರಿನ ಸ್ಟುಡಿಯೋಗಳಲ್ಲಿದ್ದು ಈಗ ಬಳ್ಳಾರಿಯ ಮನೆಯಲ್ಲೇ ಮಾಡುತ್ತಿದ್ದೇನೆ. ಮಾಸ್ಟರಿಂಗ್ ಅಂದರೆ ಏನು ಎಂದು ಕೇಳಿದವರಿಗೆಲ್ಲ ಬೇರೆ ಬೇರೆ ಥರ ಹೇಳುತ್ತಾ ಬಂದಿದ್ದೇನೆ. ಗಿರಣಿಯಲ್ಲಿ ಇರುವ ನಿಮಗೆ ಹೇಳುವುದು ಸುಲಭ. ಭತ್ತ ಬೆಳೆದು, ಒಣಗಿಸಿ, ಸಿಪ್ಪೆ ಬಿಡಿಸುವವರೆಗಿನ ಕೆಲಸ ರೆಕಾರ್ಡಿಂಗ್ ಮತ್ತು ಮಿಕ್ಸಿಂಗ್. ಕೊನೆಯ ಪಾಲಿಶ್ ಇದೆಯಲ್ಲ, ಅದು ಮಾಸ್ಟರಿಂಗ್. ಎಲ್‌ಪಿ, ಸಿಡಿ, ಫ್ಲ್ಯಾಕ್, ಸ್ಟ್ರೀಮಿಂಗ್ ಇವೆಲ್ಲ ಚೀಲಗಳು. ತೌಡೆಲ್ಲ ಹೋಗಿ ಅಕ್ಕಿ ಗಾಜಿನ ಹಾಗೆ ಹೊಳೆಯುವಷ್ಟು ಪಾಲಿಶ್ ಹೊಡೆದ ಮೇಲೆ ಅದನ್ನು ಗೋಣಿಚೀಲಕ್ಕೆ ತುಂಬಿದರೂ ಅಷ್ಟೇ, ಪ್ಲಾಸ್ಟಿಕ್ ಚೀಲಕ್ಕೆ ತುಂಬಿದರೂ ಅಷ್ಟೇ. ಹೋದ ತೌಡು ವಾಪಸ್ ಬರುವುದಿಲ್ಲ. ನಾವು ಮಾತ್ರ ಚೀಲದ ಬಗ್ಗೆಯೇ ಜಗಳ ಆಡುತ್ತೇವೆ.

ರಾಕ್‌ನಲ್ಲಿ ಈ ಪಾಲಿಶ್ ಹೇಗೆ ನಡೆಯುತ್ತದೆ ನೋಡಿ. ಒಂದು ಸ್ನೇರ್ ಡ್ರಮ್ ಏಟನ್ನು ಕಂಪ್ಯೂಟರ್ ಪರದೆಯ ಮೇಲೆ ದೊಡ್ಡದು ಮಾಡಿಕೊಳ್ಳಿ. ಕೋಲು ಚರ್ಮಕ್ಕೆ ತಗುಲಿದ ಗಳಿಗೆಯಲ್ಲಿ ಒಂದು ಚೂಪಾದ ಮುಳ್ಳು ಮೇಲೇಳುತ್ತದೆ. ಒಂದೆರಡು ಮಿಲಿಸೆಕೆಂಡ್, ಅಷ್ಟೇ. ಅದರ ಹಿಂದೆ ಡ್ರಮ್ಮಿನ ಹೊಟ್ಟೆಯ ಧ್ವನಿ, ಕೆಳಗಿನ ತಂತಿಗಳ ಜರ್ ಅನ್ನುವ ಸದ್ದು ನಿಧಾನವಾಗಿ ಇಳಿಯುತ್ತವೆ. "ಟಕ್" ಅಂತ ಎದೆಗೆ ತಾಗುವುದು ಆ ಮುಳ್ಳಿನಿಂದ. ಡಿಜಿಟಲ್‌ನಲ್ಲಿ ಧ್ವನಿಗೆ ಒಂದು ಸೂರು ಇದೆ, ಅದನ್ನು ದಾಟುವ ಹಾಗಿಲ್ಲ. ಈಗ ಯಾರಾದರೂ ಬಂದು "ನಮ್ಮ ಹಾಡು ಪಕ್ಕದ ಬ್ಯಾಂಡಿಗಿಂತ ಜೋರಾಗಿ ಕೇಳಬೇಕು" ಅಂದರೆ ನಾವು ಏನು ಮಾಡಬೇಕು? ಎಲ್ಲವನ್ನೂ ಮೇಲಕ್ಕೆ ತಳ್ಳಬೇಕು. ಮುಳ್ಳು ಸೂರಿಗೆ ಬಡಿಯುತ್ತದೆ. ಲಿಮಿಟರ್ ಅನ್ನುವ ಉಪಕರಣ ಅದರ ತಲೆ ಸವರುತ್ತದೆ. ಸ್ವಲ್ಪ ಸವರಿದರೆ ತಪ್ಪಿಲ್ಲ, ಎಲ್ಲರೂ ಮಾಡುತ್ತೇವೆ. ಆರೇಳು ಡೆಸಿಬಲ್ ಸವರಿದರೆ ಸ್ನೇರ್ ಏಟು ರಟ್ಟಿನ ಡಬ್ಬಿಗೆ ಹೊಡೆದ ಹಾಗೆ ಆಗುತ್ತದೆ. ಗಿಟಾರ್, ಬೇಸ್, ಹಾಡುಗಾರನ ಕಂಠ ಎಲ್ಲ ಒಂದೇ ಎತ್ತರದಲ್ಲಿ ಹೆಗಲಿಗೆ ಹೆಗಲು ಹಚ್ಚಿ ನಿಂತುಬಿಡುತ್ತವೆ. ಇಡೀ ಹಾಡಿನ ಚಿತ್ರ ನೋಡಿದರೆ ಇಟ್ಟಿಗೆ ಇಟ್ಟಂತೆ ಕಾಣುತ್ತದೆ.

ಬಳ್ಳಾರಿಯ ರಾಘವ ಕಲಾಮಂದಿರದಲ್ಲಿ ನಾಟಕಗಳಿಗೆ ಧ್ವನಿ ನೋಡಿಕೊಳ್ಳುತ್ತಿದ್ದ ಕಾಲದಲ್ಲಿ ನಾನು ಇದನ್ನು ಮೊದಲು ಕಲಿತೆ. ಒಳ್ಳೆಯ ನಟ ಮೊದಲು ಪಿಸುಗುಡುತ್ತಾನೆ. ಹಿಂದಿನ ಸಾಲಿನವರು ಮುಂದೆ ಬಾಗುತ್ತಾರೆ. ಆಮೇಲೆ ಗುಡುಗಿದರೆ ಮೈ ಜುಂ ಎನ್ನುತ್ತದೆ. ಮೊದಲ ಮಾತಿನಿಂದ ಕೊನೆಯ ಮಾತಿನವರೆಗೂ ಕಿರುಚಿದರೆ ಹತ್ತು ನಿಮಿಷಕ್ಕೆ ಜನ ಎದ್ದು ಚಹಾಕ್ಕೆ ಹೋಗುತ್ತಾರೆ. ನಾಲ್ಕನೇ ಹಾಡಿಗೆ ನಿಮ್ಮ ಕಿವಿ ಸುಸ್ತಾಗಲು ಬಹುಮಟ್ಟಿಗೆ ಇದೇ ಕಾರಣ. ಸಿಡಿ ತನಗೆ ಕೊಟ್ಟದ್ದನ್ನು ನಿಮಗೆ ತಲುಪಿಸಿದೆ.

ಇದಕ್ಕೆ ಒಂದು ಪ್ರಸಿದ್ಧ ಉದಾಹರಣೆ ಇದೆ. 2008ರಲ್ಲಿ ಮೆಟಾಲಿಕಾ ತಂಡದ 'ಡೆತ್ ಮ್ಯಾಗ್ನೆಟಿಕ್' ಬಂತು. ಸಿಡಿಯಲ್ಲಿ ಧ್ವನಿ ಒಡೆದು ಬರುತ್ತಿದೆ ಎಂದು ಅಭಿಮಾನಿಗಳೇ ದೂರಿದರು. ಅದೇ ಹಾಡುಗಳು 'ಗಿಟಾರ್ ಹೀರೋ' ಎಂಬ ವಿಡಿಯೋ ಗೇಮ್‌ನಲ್ಲಿಯೂ ಬಂದಿದ್ದವು. ಅಲ್ಲಿ ಲಿಮಿಟರಿನಿಂದ ಅಷ್ಟು ಹಿಂಡಿರಲಿಲ್ಲ, ಡ್ರಮ್ ಏಟು ಏಟಿನ ಹಾಗೇ ಕೇಳುತ್ತಿತ್ತು. ಹೊಸದಾಗಿ ಮಾಸ್ಟರ್ ಮಾಡಿಕೊಡಿ ಎಂದು ಸಾವಿರಾರು ಜನ ಮನವಿಗೆ ಸಹಿ ಹಾಕಿದರು. ಆಟದೊಳಗೆ ಇದ್ದ ಹಾಡು ದುಡ್ಡು ಕೊಟ್ಟು ಕೊಂಡ ಸಿಡಿಗಿಂತ ಚೆನ್ನಾಗಿತ್ತು ಅಂದರೆ, ಅದು ಚೀಲದ ಮಾತಲ್ಲ ಅಲ್ವಾ?

ಈಗ ನಿಮ್ಮ ಗೆಳೆಯನ ಮೆಟ್ಟಿಲಿನ ಮಾತಿಗೆ ಬರೋಣ. ಇದನ್ನು ನಾನು ನೂರು ಸಲ ಕೇಳಿದ್ದೇನೆ. ಪುಸ್ತಕದ ಚಿತ್ರಗಳಲ್ಲಿ ಹಾಗೇ ಬರೆದಿರುತ್ತಾರೆ, ಆದ್ದರಿಂದ ಅವರನ್ನು ದೂರಲಾರೆ. ಸಿಡಿ ಸೆಕೆಂಡಿಗೆ 44,100 ಸಲ ಧ್ವನಿಯ ಅಳತೆ ತೆಗೆದುಕೊಳ್ಳುತ್ತದೆ. ಆ ಅಳತೆಗಳು ಚುಕ್ಕಿಗಳು, ಮೆಟ್ಟಿಲುಗಳಲ್ಲ. ರಂಗೋಲಿ ಚುಕ್ಕಿ ಇಟ್ಟ ಹಾಗೆ. ಚುಕ್ಕಿಗಳ ನಡುವೆ ಹಾಯುವ ಗೆರೆಯನ್ನು ಪ್ಲೇಯರಿನ ಒಳಗಿನ ಡಿಜಿಟಲ್-ಅನಲಾಗ್ ಪರಿವರ್ತಕ ಮತ್ತೆ ಎಳೆಯುತ್ತದೆ. ಒಂದು ಧ್ವನಿಯ ಅತಿ ಹೆಚ್ಚಿನ ಕಂಪನಕ್ಕಿಂತ ಎರಡು ಪಟ್ಟು ಜಾಸ್ತಿ ವೇಗದಲ್ಲಿ ಚುಕ್ಕಿ ಇಟ್ಟರೆ ಆ ಗೆರೆ ಒಂದೇ ಒಂದು ಥರ ಬರಲು ಸಾಧ್ಯ. ಇದು ಗಣಿತ. ನೈಕ್ವಿಸ್ಟ್, ಶಾನನ್ ಅವರ ಹೆಸರಿನಲ್ಲಿ ಇಂಜಿನಿಯರಿಂಗ್ ಓದಿದವರಿಗೆಲ್ಲ ಗೊತ್ತು. ನಮ್ಮ ಕಿವಿ ಎಳೆಯ ವಯಸ್ಸಿನಲ್ಲಿ 20,000 ಹರ್ಟ್ಸ್‌ವರೆಗೆ ಕೇಳುತ್ತದೆ. 44,100ರಲ್ಲಿ ಅರ್ಧ 22,050. ಅಲ್ಲಿಗೆ ಲೆಕ್ಕ ಮುಗಿಯಿತು. ಸಿಡಿ ಪ್ಲೇಯರಿನಿಂದ ಹೊರಬರುವ ವಿದ್ಯುತ್ತನ್ನು ಆಸಿಲೋಸ್ಕೋಪಿಗೆ ಹಚ್ಚಿದರೆ ನಯವಾದ ಅಲೆ ಕಾಣುತ್ತದೆ. ನಾನೇ ಹಚ್ಚಿ ನೋಡಿದ್ದೇನೆ.

ಹಾಗಾದರೆ 96 ಕಿಲೋಹರ್ಟ್ಸ್ ಯಾಕೆ? ರಾಕ್‌ಗೆ ಅದು ಎಷ್ಟು ಬೇಕು ಅನ್ನುವುದನ್ನು ವಾದ್ಯದಿಂದಲೇ ನೋಡಿ. ಬೇಸ್ ಗಿಟಾರಿನ ದಪ್ಪ ತಂತಿ ಸುಮಾರು 41 ಹರ್ಟ್ಸ್. ಎಲೆಕ್ಟ್ರಿಕ್ ಗಿಟಾರಿನ ದಪ್ಪ ತಂತಿ 82. ಗಿಟಾರ್ ಆಂಪ್ಲಿಫೈಯರಿನಲ್ಲಿ ಇರುವ 12 ಇಂಚಿನ ಸ್ಪೀಕರ್ 5,000 ಹರ್ಟ್ಸ್ ದಾಟಿದರೆ ಬೇಗನೆ ಸುಮ್ಮನಾಗುತ್ತದೆ. ಗಿಟಾರಿನ ಆ ಪರಿಚಿತ ಧ್ವನಿಯಲ್ಲಿ ಇದರ ಪಾಲೂ ಇದೆ. 20,000ದ ಮೇಲೆ ಏನಾದರೂ ಉಳಿದಿದ್ದರೆ ಸಿಂಬಲ್ ಸದ್ದಿನ ತುದಿ. ನಮ್ಮ ವಯಸ್ಸಿನ ಕಿವಿಗೆ ಅದು ಎಟುಕುವುದಿಲ್ಲ.

24 ಬಿಟ್ ಮಾತು ಇನ್ನೂ ಸರಳ. 16 ಬಿಟ್‌ನಲ್ಲಿ ಅತಿ ಸಣ್ಣ ಸದ್ದಿಗೂ ಅತಿ ಜೋರು ಸದ್ದಿಗೂ ನಡುವೆ ಸುಮಾರು 96 ಡೆಸಿಬಲ್ ಜಾಗ ಇದೆ. 24 ಬಿಟ್‌ನಲ್ಲಿ ಕಾಗದದ ಮೇಲೆ 144. ಈಗ ನಿಮ್ಮ ಕೋಣೆ ನೆನಪಿಸಿಕೊಳ್ಳಿ. ಏಪ್ರಿಲ್ ತಿಂಗಳಲ್ಲಿ ಗಂಗಾವತಿಯಲ್ಲಿ ಫ್ಯಾನ್ ಇಲ್ಲದೆ ಯಾರು ಕೂರುತ್ತಾರೆ? ಫ್ಯಾನ್ ತಿರುಗುವ ಕೋಣೆಯಲ್ಲಿ ಸುಮಾರು 45 ಡೆಸಿಬಲ್ ಸದ್ದು ಮೊದಲೇ ಇರುತ್ತದೆ. ನೀವು ತುಂಬಾ ಜೋರಾಗಿ, 100 ಡೆಸಿಬಲ್ ಶಿಖರಗಳಿಗೆ ಹಾಡು ಹಾಕಿದರೂ ನಿಮಗೆ ಸಿಗುವ ಜಾಗ 55 ಡೆಸಿಬಲ್. ಸಿಡಿಯ 96 ಅನ್ನೇ ನಾವು ಪೂರ್ತಿ ಬಳಸುವುದಿಲ್ಲ. 24 ಬಿಟ್ ಸ್ಟುಡಿಯೋದಲ್ಲಿ ನನಗೆ ಬೇಕೇ ಬೇಕು. ಹತ್ತಾರು ಟ್ರ್ಯಾಕ್ ಕೂಡಿಸಿ, ಕಳೆದು, ಎತ್ತಿ, ಇಳಿಸುವಾಗ ಕೈ ಆಡಿಸಲು ಜಾಗ ಬೇಕು. ಅಡುಗೆಗೆ ದೊಡ್ಡ ಪಾತ್ರೆ ಬೇಕು, ಊಟಕ್ಕೆ ತಟ್ಟೆ ಸಾಕು.

ಇದು ಬರೀ ನನ್ನ ಮಾತಲ್ಲ. 2007ರಲ್ಲಿ ಅಮೆರಿಕದ ಆಡಿಯೋ ಎಂಜಿನಿಯರಿಂಗ್ ಸೊಸೈಟಿಯ ಪತ್ರಿಕೆಯಲ್ಲಿ ಒಂದು ಪರೀಕ್ಷೆಯ ವರದಿ ಬಂತು. ಸಿಡಿಗಿಂತ ದೊಡ್ಡ ಫಾರ್ಮ್ಯಾಟಿನ ಧ್ವನಿಯನ್ನೂ, ಅದನ್ನೇ 16 ಬಿಟ್, 44.1ರ ಮೂಲಕ ಹಾಯಿಸಿದ ಧ್ವನಿಯನ್ನೂ ಯಾವುದು ಯಾವುದೆಂದು ಹೇಳದೆ ಕೇಳಿಸಿದರು. 554 ಸಲದ ಪರೀಕ್ಷೆಯಲ್ಲಿ ಸರಿ ಉತ್ತರ ಸುಮಾರು ಅರ್ಧ. ನಾಣ್ಯ ಚಿಮ್ಮಿದರೂ ಅಷ್ಟೇ ಬರುತ್ತದೆ. 2016ರಲ್ಲಿ ಅದೇ ಪತ್ರಿಕೆಯಲ್ಲಿ ಹಲವು ಪರೀಕ್ಷೆಗಳನ್ನು ಒಟ್ಟಿಗೆ ನೋಡಿದ ಇನ್ನೊಂದು ಲೇಖನ ಬಂತು. ಅದರಲ್ಲಿ ಕೊಂಚ ವ್ಯತ್ಯಾಸ ಕಂಡಿತು, ನೂರಕ್ಕೆ 52ರ ಆಸುಪಾಸು. ತರಬೇತಿ ಪಡೆದ ಕಿವಿಗಳಿಗೆ ಇನ್ನೂ ಸ್ವಲ್ಪ ಜಾಸ್ತಿ. ಪೂರ್ತಿ ಇಲ್ಲ ಎನ್ನಲಾರೆ. ಆದರೆ ನಿಮ್ಮ 700 ರೂಪಾಯಿ ಆ ಎರಡು ಅಂಶಕ್ಕೆ ಹೋಗುತ್ತದೆ.

ಒಂದು ಎಚ್ಚರಿಕೆ ಇಲ್ಲಿ ಬೇಕು. ಕೆಲವು ಸಲ 24 ಬಿಟ್ ಫೈಲ್ ನಿಜಕ್ಕೂ ಚೆನ್ನಾಗಿ ಕೇಳುತ್ತದೆ. ಜನ ಬಿಟ್‌ನಿಂದ ಹಾಗಾಯಿತು ಅಂದುಕೊಳ್ಳುತ್ತಾರೆ. ಕಾರಣ ಬೇರೆ. ಕಂಪನಿ ಅದಕ್ಕೆ ಕಡಿಮೆ ಹಿಂಡಿದ, ಬೇರೆಯದೇ ಮಾಸ್ಟರ್ ಹಾಕಿರುತ್ತದೆ. ಹಾಗಿದ್ದರೆ ಆ ಫೈಲ್ ಕೊಳ್ಳುವುದು ಒಳ್ಳೆಯದೇ. ಸಿಡಿಯಲ್ಲೂ ಅದೇ ಮಾಸ್ಟರ್ ಇದ್ದರೆ ಜಾಸ್ತಿ ಕೊಡಬೇಡಿ.

ಈಗ ಎಲ್‌ಪಿ. ನನಗೆ ಎಲ್‌ಪಿ ಬಹಳ ಇಷ್ಟ, ಮನೆಯಲ್ಲಿ ಮುನ್ನೂರಕ್ಕೂ ಜಾಸ್ತಿ ಇವೆ. ಆದ್ದರಿಂದ ಇದನ್ನು ಪ್ರೀತಿಯಿಂದಲೇ ಹೇಳುತ್ತಿದ್ದೇನೆ ಎಂದು ತಿಳಿಯಿರಿ. ನಿಮ್ಮ ಪತ್ರದಲ್ಲಿ ನನ್ನ ಕಣ್ಣು ಮೊದಲು ನಿಂತದ್ದು "58 ನಿಮಿಷ" ಮತ್ತು "ಒಂದೇ ತಟ್ಟೆ" ಎಂಬ ಎರಡು ಮಾತಿನ ಮೇಲೆ. ಅಂದರೆ ಒಂದು ಬದಿಗೆ 29 ನಿಮಿಷ. ರಾಕ್ ಎಲ್‌ಪಿಗೆ ಒಂದು ಬದಿಗೆ 18ರಿಂದ 22 ನಿಮಿಷ ಹಿತವಾದ ಅಳತೆ. ಜೋರಾದ ಬೇಸ್ ಕೆತ್ತಲು ಗೆರೆ ಅಗಲವಾಗಿ ಓಲಾಡಬೇಕು, ಅದಕ್ಕೆ ಜಾಗ ಬೇಕು. 29 ನಿಮಿಷ ಹಿಡಿಸಲು ಗೆರೆಗಳನ್ನು ಒತ್ತೊತ್ತಾಗಿ ಕೆತ್ತುತ್ತಾರೆ. ಧ್ವನಿ ತಗ್ಗಿಸುತ್ತಾರೆ, ಬೇಸ್ ಕಡಿಮೆ ಮಾಡುತ್ತಾರೆ. ನೀವು ಮನೆಯಲ್ಲಿ ವಾಲ್ಯೂಮ್ ಏರಿಸುತ್ತೀರಿ. ಜೊತೆಗೆ ಗೆರೆಯ ಚರಚರ ಸದ್ದೂ ಏರುತ್ತದೆ.

ಇನ್ನೊಂದು ತೊಂದರೆ ತಟ್ಟೆಯ ಒಳಗಡೆ. ಎಲ್‌ಪಿ ನಿಮಿಷಕ್ಕೆ 33⅓ ಸುತ್ತು ತಿರುಗುತ್ತದೆ. ಅಂಚಿನಲ್ಲಿ ಟರ್ನ್‌ಟೇಬಲ್ಲಿನ ಮುಳ್ಳಿನ (ಸೂಜಿಯ) ಕೆಳಗೆ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ಗೆರೆ ಹಾಯುತ್ತದೆ. ನಡುವಿನ ಲೇಬಲ್ ಹತ್ತಿರ ಬಂದಾಗ ಸುಮಾರು 21. ಅಷ್ಟೇ ಸಂಗೀತ ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ಕೂರಬೇಕು. ಹಾಗಾಗಿ ಬದಿಯ ಕೊನೆಯ ಹಾಡಿನಲ್ಲಿ ಸಿಂಬಲ್ ಮತ್ತು "ಸ", "ಶ" ಅಕ್ಷರಗಳು ಹರಿದಂತೆ ಕೇಳುತ್ತವೆ. ಬ್ಯಾಂಡ್‌ಗಳು ದೊಡ್ಡ, ಜೋರಾದ ಹಾಡನ್ನು ಕೊನೆಗೇ ಇಡುತ್ತವೆ. ಇದೇ ಆಲ್ಬಮ್ ಎರಡು ತಟ್ಟೆಯಲ್ಲಿ, ಬದಿಗೆ 14-15 ನಿಮಿಷದಂತೆ, 45ರ ವೇಗದಲ್ಲಿ ಬಂದಿದ್ದರೆ ನನ್ನ ಮಾತು ಬೇರೆ ಇರುತ್ತಿತ್ತು. 180 ಗ್ರಾಂ ತೂಕದ ಬಗ್ಗೆ ಇಷ್ಟು ಸಾಕು: ತಟ್ಟೆ ಗಟ್ಟಿ ಇರುತ್ತದೆ, ಗೆರೆಯಲ್ಲಿರುವ ಸಂಗೀತ ಬದಲಾಗುವುದಿಲ್ಲ.

"ಆದರೂ ಎಲ್‌ಪಿ ಅನಲಾಗ್ ಅಲ್ವಾ?" ಎಂದು ನಿಮ್ಮ ಗೆಳೆಯ ಕೇಳಬಹುದು. ಇವತ್ತಿನ ಹೊಸ ರಾಕ್ ಆಲ್ಬಮ್ ಬಹುತೇಕ ಕಂಪ್ಯೂಟರಿನಲ್ಲೇ ರೆಕಾರ್ಡ್ ಆಗಿ, ಅಲ್ಲೇ ಮಿಕ್ಸ್ ಆಗಿರುತ್ತದೆ. ಡಿಜಿಟಲ್ ಫೈಲ್‌ನಿಂದಲೇ ಎಲ್‌ಪಿ ಕೆತ್ತುತ್ತಾರೆ. 2022ರಲ್ಲಿ ಅಮೆರಿಕದ ಮೊಬೈಲ್ ಫಿಡೆಲಿಟಿ ಕಂಪನಿಯ ಹಲವು ದುಬಾರಿ ಎಲ್‌ಪಿಗಳ ತಯಾರಿಯಲ್ಲಿ ಡಿಜಿಟಲ್ ಹಂತ ಇದೆ ಎಂಬುದು ಬಯಲಾಯಿತು. ಅವು ಪೂರ್ತಿ ಅನಲಾಗ್ ಎಂದು ವರ್ಷಗಟ್ಟಲೆ ಮೆಚ್ಚಿ ಬರೆದವರಿದ್ದರು. ಕಿವಿಯಿಂದ ಅವರಿಗೆ ಗೊತ್ತಾಗಿರಲಿಲ್ಲ. ಆ ಎಲ್‌ಪಿಗಳು ಕೆಟ್ಟವು ಎಂದು ಇದರ ಅರ್ಥವಲ್ಲ. ಡಿಜಿಟಲ್ ಹಂತ ಧ್ವನಿಯನ್ನು ಹಾಳು ಮಾಡಿರಲಿಲ್ಲ ಎಂದರ್ಥ.

ಎಲ್‌ಪಿ ನಿಜವಾಗಿ ಗೆಲ್ಲುವ ಸಂದರ್ಭವೂ ಇದೆ. ವಿನೈಲ್‌ಗೆಂದೇ ಪ್ರತ್ಯೇಕ ಮಾಸ್ಟರ್ ಮಾಡಿಸಿದಾಗ. ಅತಿಯಾಗಿ ಹಿಂಡಿದ ಧ್ವನಿ ಕೊಟ್ಟರೆ ಕೆತ್ತನೆಗೆ ಲಾಭವಿಲ್ಲ, ಜೋರು ಎಷ್ಟು ಅನ್ನುವುದನ್ನು ಅಲ್ಲಿ ಗೆರೆ ತೀರ್ಮಾನಿಸುತ್ತದೆ. ಆದ್ದರಿಂದ ತಿಳಿದ ಇಂಜಿನಿಯರ್ ಲಿಮಿಟರ್ ಸಡಿಲಿಸಿದ ಫೈಲ್ ಕಳಿಸುತ್ತಾನೆ. ನಾನೂ ಹಾಗೇ ಮಾಡುತ್ತೇನೆ. ಕವರಿನ ಮೇಲೆ ವಿನೈಲ್ ಮಾಸ್ಟರಿಂಗ್ ಯಾರು, ಲ್ಯಾಕರ್ (ಮೊದಲು ಕೆತ್ತುವ ಮೂಲ ತಟ್ಟೆ) ಕೆತ್ತಿದವರು ಯಾರು ಎಂದು ಬೇರೆಯಾಗಿ ಬರೆದಿದ್ದರೆ ಅದು ಒಳ್ಳೆಯ ಸೂಚನೆ. ಆದರೆ ಜಾಲತಾಣಗಳಲ್ಲಿ "ಸಿಡಿಗೆ 6, ಎಲ್‌ಪಿಗೆ 11" ಎಂದು ಡೈನಮಿಕ್ ರೇಂಜ್ (ಧ್ವನಿಯ ಏರಿಳಿತ) ಅಂಕಿ ತೋರಿಸುತ್ತಾರಲ್ಲ, ಅದನ್ನು ನಂಬಿ ಎಲ್‌ಪಿ ಕೊಳ್ಳಬೇಡಿ. ಒಂದೇ ಮಾಸ್ಟರಿನಿಂದ ಕೆತ್ತಿದರೂ ಎಲ್‌ಪಿಯ ಅಂಕಿ ಜಾಸ್ತಿ ಬರುತ್ತದೆ. ಕೆತ್ತುವಾಗ ಮತ್ತು ನುಡಿಸುವಾಗ ಅಲೆಯ ಆಕಾರ ಕದಲಿ, ಚಪ್ಪಟೆ ತಲೆಗಳು ಮತ್ತೆ ಏರಿಳಿದ ಹಾಗೆ ಕಾಣುತ್ತವೆ. ಸವರಿ ಹೋದ ಸ್ನೇರ್ ಏಟು ಮಾತ್ರ ಮರಳಿರುವುದಿಲ್ಲ.

ಸೂಟ್‌ಕೇಸ್ ಟರ್ನ್‌ಟೇಬಲ್ ಬಗ್ಗೆ ನೇರವಾಗಿ ಹೇಳುತ್ತೇನೆ, ಬೇಡ. ಅವುಗಳಲ್ಲಿ ಸಾಮಾನ್ಯವಾಗಿ ಸೆರಾಮಿಕ್ ಕಾರ್ಟ್ರಿಜ್ (ಮುಳ್ಳು ಕೂರಿಸುವ ಭಾಗ) ಇರುತ್ತದೆ. ಮುಳ್ಳು ಸುಮಾರು 5 ಗ್ರಾಂ ಭಾರ ಹಾಕಿ ಗೆರೆಯ ಮೇಲೆ ಕೂರುತ್ತದೆ. ಒಳ್ಳೆಯ ಮ್ಯಾಗ್ನೆಟಿಕ್ ಕಾರ್ಟ್ರಿಜ್‌ಗೆ 1.5ರಿಂದ 2 ಗ್ರಾಂ ಸಾಕು. ಅದೇ ಪೆಟ್ಟಿಗೆಯೊಳಗೆ ಸ್ಪೀಕರ್ ಬೇರೆ ಇರುವುದರಿಂದ ಬೇಸ್ ಬಂದಾಗ ಮುಳ್ಳೂ ನಡುಗುತ್ತದೆ. 4,500 ಕೊಟ್ಟು ತಂದ ತಟ್ಟೆಯನ್ನು ಅದರ ಮೇಲೆ ಇಡುವುದು ನನಗೆ ಸಂಕಟದ ವಿಷಯ. ಸರಿಯಾದ ಟರ್ನ್‌ಟೇಬಲ್, ಅದರ ಸಣ್ಣ ಸದ್ದನ್ನು ಆಂಪ್ಲಿಫೈಯರಿಗೆ ತಕ್ಕಂತೆ ಏರಿಸುವ ಫೋನೋ ಪ್ರೀಆಂಪ್ ಸೇರಿದರೆ ಖರ್ಚು ಆಲ್ಬಮ್ ಬೆಲೆಯ ಹಲವು ಪಟ್ಟು ಆಗುತ್ತದೆ.

ನಮ್ಮ ಕಡೆಯ ಹವೆಯೂ ಇದೆ. ಇಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಮುಚ್ಚಿದ ವಾಹನ ಬಿಸಿಲಲ್ಲಿ ನಿಂತರೆ ಒಳಗೆ 60 ಆಗುವುದು ಕಷ್ಟವಲ್ಲ, ವಿನೈಲ್ ಮೆತ್ತಗಾಗುವುದೂ ಆ ಸುಮಾರಿಗೆ. ಒಂದು ಮೇ ತಿಂಗಳಲ್ಲಿ ನನಗೆ ಹೊರದೇಶದಿಂದ ಬಂದ ಎಲ್‌ಪಿಯನ್ನು ಕೊರಿಯರ್‌ನವರು ದಿನವಿಡೀ ವ್ಯಾನಿನಲ್ಲಿ ಸುತ್ತಿಸಿ ಸಂಜೆ ಕೊಟ್ಟರು. ಕವರ್ ಹೊಸದರ ಹಾಗೇ ಇತ್ತು. ತಟ್ಟೆ ಹೊರಗೆ ತೆಗೆದು ಟೇಬಲ್ ಮೇಲೆ ಇಟ್ಟರೆ ಅಂಚು ಒಂದು ಕಡೆ ಬೆರಳಿನಷ್ಟು ಮೇಲೆದ್ದಿತ್ತು. ಪುಸ್ತಕಗಳ ಕೆಳಗೆ ಎರಡು ತಿಂಗಳು ಇಟ್ಟರೂ ಸರಿಯಾಗಲಿಲ್ಲ. ನಿಮ್ಮಲ್ಲಿ ತೌಡಿನ ದೂಳು, ಸಂಡೂರಿನ ಕಡೆ ಅದಿರಿನ ಕೆಂಪು ದೂಳು. ಎರಡೂ ಗೆರೆಯೊಳಗೆ ಕೂತರೆ ಟಪ್ ಟಪ್ ಸದ್ದು ಖಂಡಿತ. ಎಲ್‌ಪಿ ತರಿಸುವುದಾದರೆ ನವೆಂಬರ್‌ನಿಂದ ಜನವರಿ ಒಳಗೆ ತರಿಸಿ.

ಸ್ಟ್ರೀಮಿಂಗ್ ಅನ್ನು ಕೀಳಾಗಿ ನೋಡಬೇಡಿ. ಸೆಕೆಂಡಿಗೆ 256 ಅಥವಾ 320 ಕಿಲೋಬಿಟ್‌ಗೆ ಕುಗ್ಗಿಸಿದ ಧ್ವನಿಯನ್ನು ಸಿಡಿಯಿಂದ ಬೇರ್ಪಡಿಸಿ ಹೇಳುವುದು ಹೆಚ್ಚಿನವರಿಗೆ ಆಗುವುದಿಲ್ಲ. ಆಪಲ್ ಮ್ಯೂಸಿಕ್ 2021ರಿಂದ ಹೆಚ್ಚಿನ ದುಡ್ಡಿಲ್ಲದೆ ಏನೂ ಕಳೆಯದ ಧ್ವನಿ, ಅಂದರೆ ಲಾಸ್‌ಲೆಸ್ ಕೊಡುತ್ತಿದೆ. ಬ್ಲೂಟೂತ್‌ನಲ್ಲಿ ಕೇಳಿದರೆ ಅದು ಮತ್ತೆ ಕುಗ್ಗುತ್ತದೆ, ಹಾಗಾಗಿ ನಿಮ್ಮ ವೈರ್ ಹೆಡ್‌ಫೋನೇ ವಾಸಿ. ಇನ್ನೊಂದು ಒಳ್ಳೆಯ ಸಂಗತಿ ಏನೆಂದರೆ ಈ ಸೇವೆಗಳು ಎಲ್ಲ ಹಾಡುಗಳ ಜೋರನ್ನು ಒಂದು ಮಟ್ಟಕ್ಕೆ ತರುತ್ತವೆ. ಸ್ಪಾಟಿಫೈ, ಯೂಟ್ಯೂಬ್ ಸುಮಾರು ಮೈನಸ್ 14 ಎಲ್‌ಯುಎಫ್‌ಎಸ್‌ಗೆ. ಈ ಎಲ್‌ಯುಎಫ್‌ಎಸ್ ಎಂದರೆ ಕಿವಿಗೆ ಎಷ್ಟು ಜೋರು ಅನ್ನುವುದರ ಅಳತೆ, ಸೊನ್ನೆಗೆ ಹತ್ತಿರವಾದಷ್ಟೂ ಜೋರು. ಮೈನಸ್ 7ಕ್ಕೆ ಹಿಂಡಿ ಕೊಟ್ಟ ಹಾಡನ್ನು ಅಲ್ಲಿ 7 ಡೆಸಿಬಲ್ ಇಳಿಸುತ್ತಾರೆ. ಜೋರಿಗಾಗಿ ಡ್ರಮ್ ಏಟನ್ನು ಬಲಿಕೊಟ್ಟದ್ದು ದಂಡವಾಯಿತು. ಬ್ಯಾಂಡ್‌ಗಳು ನನ್ನ ಹತ್ತಿರ ಬಂದಾಗ ಮೊದಲು ಇದನ್ನೇ ತೋರಿಸುತ್ತೇನೆ. ಕೆಲವರು ಒಪ್ಪುತ್ತಾರೆ. ಕೆಲವರು ಆಗಲೂ "ಇರಲಿ, ಜೋರೇ ಮಾಡಿ" ಎನ್ನುತ್ತಾರೆ.

ಅಟ್ಮಾಸ್ ಬೇರೆಯೇ ಮಿಕ್ಸ್. ಅದಕ್ಕೆ ಮೈನಸ್ 18ಕ್ಕಿಂತ ಜೋರು ಇರಬಾರದು ಎಂದು ಡಾಲ್ಬಿಯ ನಿಯಮ ಇದೆ. ಹಾಗಾಗಿ ಎಷ್ಟೋ ಸಲ ಡ್ರಮ್ ಅದರಲ್ಲಿ ಉಸಿರಾಡುತ್ತದೆ. ಆದರೆ ಎರಡೇ ಕಿವಿಯ ಹೆಡ್‌ಫೋನಿಗೆ ಅದನ್ನು ಮಡಚಿ ಕೊಡುವಾಗ ಹಾಡುಗಾರ ದೂರ ಹೋದಂತೆ, ಗಿಟಾರ್ ತೆಳ್ಳಗಾದಂತೆ ಅನ್ನಿಸಬಹುದು. ಚಂದಾ ಇದ್ದರೆ ಒಮ್ಮೆ ಕೇಳಿ ನೋಡಿ, ಇಷ್ಟವಾದರೂ ಆಗಬಹುದು.

ಇನ್ನು ನೀವು ಮಾಡಬೇಕಾದ ಕೆಲಸ. ಬಿಡುಗಡೆಯ ದಿನ ಸ್ಟ್ರೀಮಿಂಗ್‌ನಲ್ಲಿ ಪೂರ್ತಿ ಆಲ್ಬಮ್ ಕೇಳಿ, ವಾಲ್ಯೂಮ್ ಮುಟ್ಟದೆ. ಐದಾರು ಹಾಡಾದ ಮೇಲೆ ತಗ್ಗಿಸಬೇಕು ಅನ್ನಿಸಿದರೆ ಹಿಂದಿನದರ ಕತೆಯೇ ಮತ್ತೆ. ಆಗ ಸಿಡಿಗೆ ದುಡ್ಡು ಹಾಕಬೇಡಿ. ಬೇರೆ ಮಾಸ್ಟರ್ ಇರುವ ಆವೃತ್ತಿ ಇದೆಯೇ ಹುಡುಕಿ. ಚೆನ್ನಾಗಿದ್ದರೆ ಸಿಡಿ ಅಥವಾ ಫ್ಲ್ಯಾಕ್. ನನಗೆ ಕೇಳಿದರೆ ನೂರು ರೂಪಾಯಿ ಜಾಸ್ತಿಯಾದರೂ ಸಿಡಿ. ಅದನ್ನೇ ಕಂಪ್ಯೂಟರಿನಲ್ಲಿ ಫ್ಲ್ಯಾಕ್ ಮಾಡಿಕೊಳ್ಳಬಹುದು, ಜೊತೆಗೆ ಕೈಯಲ್ಲಿ ಪುಸ್ತಿಕೆ ಇರುತ್ತದೆ.

ಎರಡು ಆವೃತ್ತಿ ಸಿಕ್ಕು ಹೋಲಿಸುವಾಗ ಒಂದು ವಿಷಯ ಮರೆಯಬೇಡಿ. ಅರ್ಧ ಡೆಸಿಬಲ್ ಜೋರಾಗಿ ಇರುವುದೂ ಕಿವಿಗೆ "ಇದು ಚೆನ್ನಾಗಿದೆ" ಅನ್ನಿಸುತ್ತದೆ. ನನಗೂ ಅನ್ನಿಸುತ್ತದೆ, ಇಷ್ಟು ವರ್ಷದ ಮೇಲೂ. ಆಡಾಸಿಟಿ ಎಂಬ ಉಚಿತ ತಂತ್ರಾಂಶದಲ್ಲಿ ಎರಡೂ ಫೈಲ್ ತೆರೆದು ಲೌಡ್‌ನೆಸ್ ನಾರ್ಮಲೈಸೇಶನ್‌ನಲ್ಲಿ ಎರಡನ್ನೂ ಮೈನಸ್ 20ಕ್ಕೆ ತನ್ನಿ. ನಾರ್ಮಲೈಸ್ ಮಾಡುವ ಮೊದಲೇ ಅಲೆಯ ತಲೆಗಳು ಇಟ್ಟಿಗೆಯಂತಿವೆಯೇ ನೋಡಿಕೊಳ್ಳಿ. ಆಮೇಲೆ ಮನೆಯವರೊಬ್ಬರು ನಿಮಗೆ ಹೇಳದೆ ಒಂದೋ ಇನ್ನೊಂದೋ ಹಾಕಲಿ. ಹತ್ತು ಸಲದಲ್ಲಿ ಒಂಬತ್ತು ಸಲ ಸರಿಯಾಗಿ ಗುರುತಿಸಿದರೆ ವ್ಯತ್ಯಾಸ ನಿಜ. ಆರು, ಏಳು ಬಂದರೆ ಕಡಿಮೆ ಬೆಲೆಯದನ್ನು ಕೊಳ್ಳಿ.

ನೀವು ಕೇಳದ ಒಂದು ವಿಷಯ ಹೇಳಲೇಬೇಕು, ಅದು ಎಲ್ಲ ಫಾರ್ಮ್ಯಾಟ್‌ಗಿಂತ ದೊಡ್ಡದು. ಗಿರಣಿ ಓಡುವಾಗ ಪಕ್ಕದಲ್ಲಿರುವವನಿಗೆ ಮಾತು ಕೇಳಿಸಲು ನೀವು ಕೂಗಬೇಕಾಗುತ್ತದೆಯೇ? ಹಾಗಿದ್ದರೆ ಅಲ್ಲಿ ಸದ್ದು 85 ಡೆಸಿಬಲ್ ಆಸುಪಾಸು ಅಥವಾ ಅದಕ್ಕಿಂತ ಜಾಸ್ತಿ. ದಿನಕ್ಕೆ 8 ಗಂಟೆ 85 ಡೆಸಿಬಲ್ ದಾಟಿದ ಸದ್ದಿನಲ್ಲಿ ವರ್ಷಗಟ್ಟಲೆ ಇದ್ದರೆ ಕಿವಿಗೆ ಪೆಟ್ಟು ಬೀಳುತ್ತದೆ. ಮೊದಲು ಹೋಗುವುದು 4,000 ಹರ್ಟ್ಸ್ ಸುತ್ತಲಿನ ಶಕ್ತಿ, ಅಂದರೆ ನಿಮ್ಮ ಸ್ನೇರ್ ಏಟಿನ ಚೂಪು. ಕೆಲಸ ಮುಗಿಸಿ ಬಂದ ಸಂಜೆ ಕಿವಿ ತಾತ್ಕಾಲಿಕವಾಗಿ ಮಂದವಾಗಿರುತ್ತದೆ. ಆಗ ಹಾಡು ಸಪ್ಪೆ ಅನ್ನಿಸಿ ವಾಲ್ಯೂಮ್ ಏರಿಸುತ್ತೀರಿ. ನಾಲ್ಕನೇ ಹಾಡಿನ ಸುಸ್ತಿನಲ್ಲಿ ಇದರ ಪಾಲೂ ಇರಬಹುದು. ಔಷಧದ ಅಂಗಡಿಯಲ್ಲಿ ಸಿಗುವ ಫೋಮ್ ಇಯರ್‌ಪ್ಲಗ್ ಸಾಕು, ನಾಳೆಯಿಂದಲೇ ಹಾಕಿಕೊಳ್ಳಿ. ಹೊಸ ಆಲ್ಬಮ್ ಅನ್ನು ರಜೆಯ ದಿನ ಬೆಳಿಗ್ಗೆ ಕೇಳಿ. ಕಿವಿಯಲ್ಲಿ ಗುಂಯ್ ಎಂಬ ಸದ್ದು ಬಿಡದೆ ಇದ್ದರೆ ಕಿವಿಯ ಡಾಕ್ಟರ ಹತ್ತಿರ ಒಂದು ಆಡಿಯೋಗ್ರಾಮ್ (ಶ್ರವಣ ಪರೀಕ್ಷೆ) ಮಾಡಿಸಿ.

ಕೊನೆಗೆ ನಿಮ್ಮ ಹಳೇ ಡಿವಿಡಿ ಪ್ಲೇಯರ್. ಅದು ಸಿಡಿಗೆ ಚೆನ್ನಾಗಿ ಆಗುತ್ತದೆ. ಮೆನುವಿನಲ್ಲಿ ವರ್ಚುವಲ್ ಸರೌಂಡ್, ಬೇಸ್ ಬೂಸ್ಟ್ ಎಂಬುವು ಇದ್ದರೆ ಆಫ್ ಮಾಡಿ. ಹಿಂದೆ ಇರುವ ಕೆಂಪು, ಬಿಳಿ ಸಾಕೆಟ್‌ಗಳಿಂದ ಆಂಪ್ಲಿಫೈಯರ್‌ಗೆ ವೈರ್ ಎಳೆಯಿರಿ. ಹಾಡು ಅಲ್ಲಲ್ಲಿ ತಡವರಿಸಿದರೆ ಲೆನ್ಸ್ ಮೇಲೆ ತೌಡಿನ ದೂಳು ಕೂತಿರುತ್ತದೆ, ಕ್ಲೀನ್ ಮಾಡಿಸಿ. ಎರಡು ಸ್ಪೀಕರ್‌ಗಳನ್ನು ಗೋಡೆಯಿಂದ ಒಂದು ಮೊಳ ಮುಂದಕ್ಕೆ ತಂದು, ಕಿವಿಯ ಎತ್ತರಕ್ಕೆ ಇಟ್ಟು, ಅವೆರಡರ ನಡುವೆ ಎಷ್ಟು ದೂರ ಇದೆಯೋ ಅಷ್ಟೇ ದೂರದಲ್ಲಿ ಕೂತು ಕೇಳಿ. ಉಳಿದ 3,400 ರೂಪಾಯಿಯಲ್ಲಿ ಇನ್ನು ಮೂರು ಆಲ್ಬಮ್ ಬರುತ್ತವೆ.